ದೊಡ್ಡವ್ವ ಕೊಟ್ಟ ಮೂಲದ ಮದ್ದು

ಹೋದ ತಿಂಗಳು ನನ್ನ ಅಳಿಯ ಇಡ್ಲಿ ತಿನ್ನುತ್ತಾ ಕೂತವನು, ಮನೆಮಂದಿಯೆಲ್ಲರ ಎದುರಿಗೆ, "ಅತ್ತೆ, ನಂಗೆ ಪೈಲ್ಸ್ ಆಗ್ಬಿಟ್ಟಿದೆ, ಕೂರೋಕೇ ಆಗ್ತಿಲ್ಲ" ಎಂದ. ಚಟ್ನಿಗೆ ಉಪ್ಪು ಸಾಲದು ಎನ್ನುವ ಧಾಟಿಯಲ್ಲಿ ಹೇಳಿದ. ನನ್ನ ಮಗಳು ತಲೆಯನ್ನೂ ಎತ್ತದೆ ಫೋನಿನಲ್ಲಿ ಏನೋ ಒತ್ತಿದಳು, ಮಾರನೆಯ ದಿನ ಬಾಗಿಲಿಗೆ ಒಂದು ಡಬ್ಬಿ ಬಂತು. ಮುಟ್ಟಿದರೆ ಮುನಿ ಸೊಪ್ಪಿನ ಪುಡಿಯಂತೆ. ಮಜ್ಜಿಗೆಯಲ್ಲಿ ಕಲಸಿದೆ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಲೋಟವನ್ನು ಅವನ ಕೈಗಿಟ್ಟು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತುಬಿಟ್ಟೆ. ನಲವತ್ತು ವರ್ಷಗಳ ಹಿಂದೆ ಇದೇ ಮಾತನ್ನು ಒಂದೇ ಒಂದು ಸಲ ನಾನು ಬಾಯಿಬಿಟ್ಟು ಹೇಳಿದ್ದರೆ ನನ್ನ ದೊಡ್ಡವ್ವನ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ನಮ್ಮೂರು ತುಮಕೂರು ರಸ್ತೆಯಲ್ಲಿ, ಪೀಣ್ಯ ದಾಟಿದ ಮೇಲೆ, ಮಾಕಳಿಗಿಂತ ಸ್ವಲ್ಪ ಈಚೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ರಾಗಿ ಹೊಲ, ಪಕ್ಕದಲ್ಲೇ ಇದ್ದ ದೊಡ್ಡಪ್ಪನ ಹೊಲ, ಅಲ್ಲಿಂದ ಕೆರೆ ಕೋಡಿಯವರೆಗಿನ ಇಳಿಜಾರು, ಎಲ್ಲವೂ ಕಾರ್ಖಾನೆಗಳಿಗೆ ಹೋಗಿ ಊರಿನ ಮೂರು ಕಡೆಯೂ ಕಾಂಪೌಂಡು ಗೋಡೆ ಎದ್ದಿತ್ತು. ಜಮೀನು ಹೋದ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ನಮ್ಮಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ, ನಾನು ಪಾಸಾಗಿದ್ದೆ. ಆ ಕೆಲಸ ನನಗೆ ಬಂತು, ಅಣ್ಣನ ಹೊಟ್ಟೆಯುರಿಯೂ ಜೊತೆಗೇ ಬಂತು. ದೊಡ್ಡಪ್ಪ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಾಗಾಗಿ ದೊಡ್ಡವ್ವ ಹನುಮಕ್ಕನ ಪಾಲಿನ ಕೆಲಸ ಯಾರಿಗೂ ಬರಲಿಲ್ಲ. ಅವಳ ಹೊಲ ಮಾತ್ರ ನಮ್ಮ ಕಾರ್ಖಾನೆಯ ಹಿಂದಿನ ಗೋಡೆಯೊಳಗೆ ಸೇರಿಹೋಯಿತು.

ಅದು ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆ. ತಾಮ್ರದ ತಂತಿಯನ್ನು ಸುರುಳಿ ಸುತ್ತುವ ಕೆಲಸಕ್ಕೆ ಹೆಂಗಸರ ಬೆರಳೇ ಸರಿ ಎಂದು ಹದಿನಾಲ್ಕು ಜನ ಹುಡುಗಿಯರನ್ನು ಒಂದು ಶೆಡ್ಡಿನಲ್ಲಿ ಕೂರಿಸಿದ್ದರು. ಕಬ್ಬಿಣದ ಸ್ಟೂಲು, ಎದುರಿಗೆ ಯಂತ್ರ, ಬೆಳಗ್ಗೆ ಎಂಟಕ್ಕೆ ಕೂತರೆ ಸಂಜೆ ನಾಲ್ಕೂವರೆ. ಮಧ್ಯೆ ಊಟಕ್ಕೆ ಅರ್ಧ ಗಂಟೆ. ಸೂಪರ್‌ವೈಸರ್ ಶ್ರೀಕಂಠಯ್ಯನವರ ಮೇಜಿನ ಪಕ್ಕ ಒಂದು ಮೊಳೆಗೆ ಹಿತ್ತಾಳೆ ಬಿಲ್ಲೆ ನೇತುಹಾಕಿತ್ತು. ಕಕ್ಕಸಿಗೆ ಹೋಗುವವರು ಆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಹಾಕಬೇಕು. ಬಿಲ್ಲೆ ಮೊಳೆಯಲ್ಲಿ ಇಲ್ಲದಿದ್ದರೆ ಬೇರೆ ಯಾರೂ ಸ್ಟೂಲು ಬಿಟ್ಟು ಏಳುವಂತಿಲ್ಲ. ಹದಿನಾಲ್ಕು ಜನಕ್ಕೆ ಒಂದೇ ಬಿಲ್ಲೆ. ಹೋದವರ ಹೆಸರಿನ ಮುಂದೆ ಶ್ರೀಕಂಠಯ್ಯನವರು ರಿಜಿಸ್ಟರಿನಲ್ಲಿ ಒಂದು ಗೀಟು ಹಾಕುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. "ಮೇಲಿಂದ ಆರ್ಡರ್ ಕಣಮ್ಮ, ನಾನೇನ್ ಮಾಡ್ಲಿ" ಎಂದು ಅವರೇ ತಲೆ ತಗ್ಗಿಸುತ್ತಿದ್ದರು. ಆರು ತಿಂಗಳು ಟ್ರೈನಿಂಗ್. ಗೀಟು ಜಾಸ್ತಿಯಾದವರು ಪರ್ಮನೆಂಟ್ ಆಗುವುದಿಲ್ಲ ಎಂದು ಮೊದಲ ದಿನವೇ ಎಲ್ಲರ ಕಿವಿಗೂ ಬಿದ್ದಿತ್ತು.

ಅದಕ್ಕೆ ನಾವು ಕಂಡುಕೊಂಡ ಉಪಾಯ ನೋಡಿ. ನೀರು ಕುಡಿಯುವುದನ್ನೇ ಬಿಟ್ಟೆವು. ಕುಡಿದರೆ ತಾನೇ ಏಳಬೇಕಾಗುವುದು? ಬೆಳಗ್ಗೆ ಅರ್ಧ ಲೋಟ ಕಾಫಿ, ಊಟದ ಹೊತ್ತಿಗೆ ಗಂಟಲು ತೊಯ್ಯುವಷ್ಟು ಒಂದು ಗುಟುಕು. ನನ್ನ ಪಕ್ಕದ ಸ್ಟೂಲಿನ ಸೆಲ್ವಿ ಶ್ರೀರಾಂಪುರದ ಕಡೆಯಿಂದ ಬರುತ್ತಿದ್ದಳು, ಅವಳೇ ನನಗೆ ಹೇಳಿಕೊಟ್ಟಿದ್ದು. "ಬಾಯಲ್ಲಿ ಒಂದ್ ಲವಂಗ ಇಟ್ಕೊಳ್ಳಿ ಅಕ್ಕಾ, ದಾಹ ಆಗಲ್ಲ." ಒಂದು ದಿನಕ್ಕೂ ಒಂದು ಗೀಟು ಬೀಳದ ಹುಡುಗಿಯೆಂದು ನನಗೆ ಹೆಸರೂ ಬಂತು. ದಡ್ಡಿ, ಅದಕ್ಕೆ ಹೆಮ್ಮೆಪಟ್ಟುಕೊಂಡಿದ್ದೆ.

ಊರಿನಲ್ಲಿ ಇನ್ನೊಂದು ಪಾಡು. ಕಕ್ಕಸು ಎಂಬುದು ಯಾರ ಮನೆಯಲ್ಲೂ ಇರಲಿಲ್ಲ. ಹಿಂದೆ ಹೊಲ, ಕೆರೆಯಂಗಳ ಎಂದು ಬೇಕಾದಷ್ಟು ಜಾಗವಿತ್ತು. ಗೋಡೆಗಳು ಎದ್ದ ಮೇಲೆ ಹೆಂಗಸರಿಗೆ ಉಳಿದದ್ದು ಎರಡು ಕಾಂಪೌಂಡುಗಳ ನಡುವಿನ ಒಂದು ಪಟ್ಟಿ ನೀಲಗಿರಿ ತೋಪು. ಅದಕ್ಕೂ ಬೆಳಕು ಹರಿಯುವ ಮೊದಲೇ ಹೋಗಿ ಬರಬೇಕು, ಆರು ಗಂಟೆಗೆ ಲಾರಿಗಳು ಬಂದು ನಿಲ್ಲುತ್ತಿದ್ದವು. ಚೊಂಬು ಹಿಡಿದು ಏಳೆಂಟು ಜನ ಒಟ್ಟಿಗೆ ಹೋಗುತ್ತಿದ್ದೆವು. ಒಬ್ಬಳು ತಡಮಾಡಿದರೆ ಉಳಿದವರು ಕಾಯಬೇಕು. "ಏ, ಬೇಗ ಏಳ್ರೇ, ಲಾರಿ ಲೈಟು ಕಾಣ್ತೈತೆ" ಎಂದು ಪಕ್ಕದ ಮನೆಯ ಗೌರಮ್ಮ ಅವಸರ ಮಾಡುತ್ತಿದ್ದಳು. ಹೀಗೆ ಅವಸರ ಮಾಡಿದರೆ ಯಾರಿಗೆ ತಾನೇ ಏನು ಬಂದೀತು? ಬೆಳಗ್ಗೆ ಅಲ್ಲಿಂದ ಹಾಗೇ ಎದ್ದು, ಹಗಲೆಲ್ಲಾ ಸ್ಟೂಲಿನ ಮೇಲೆ ತಡೆದುಕೊಂಡು, ಸಂಜೆ ಮನೆಗೆ ಬಂದರೆ ಮತ್ತೆ ಕತ್ತಲಾಗುವವರೆಗೆ ಕಾಯಬೇಕಾಗಿತ್ತು.

ಎರಡು ತಿಂಗಳಿಗೆ ಹೊಟ್ಟೆ ಕಲ್ಲಾಯಿತು. ಆಮೇಲೆ ಕೂತರೆ ಮುಳ್ಳು ಚುಚ್ಚಿದ ಹಾಗೆ, ಎದ್ದರೆ ಉರಿ. ಮುಂಗಾರು ಹಿಡಿದ ಒಂದು ಬೆಳಗ್ಗೆ ತೋಪಿನಲ್ಲಿ ರಕ್ತ ಹೋಯಿತು. ಸತ್ತೇಹೋಗುತ್ತೇನೆ ಅಂದುಕೊಂಡೆ. ಕಾರ್ಖಾನೆಯವರು ಮಾಡಿಸಿಕೊಟ್ಟ ಇಎಸ್‌ಐ ಕಾರ್ಡ್ ತೋರಿಸಿ ಆಸ್ಪತ್ರೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಡಾಕ್ಟರು ಗಂಡಸು, ಏನು ಕಾಯಿಲೆ ಎಂದು ಅವರು ಬರೆದ ಚೀಟಿಯನ್ನು ರಜೆಗಾಗಿ ಶ್ರೀಕಂಠಯ್ಯನವರ ಮೇಜಿನ ಮೇಲೆ ಇಡಬೇಕು. ಇಪ್ಪತ್ತು ವರ್ಷದ ಹುಡುಗಿ ನಾನು. ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಅಣ್ಣನಿಗೆ ಗೊತ್ತಾಗುತ್ತದೆ, "ನಾನ್ ಹೇಳ್ಲಿಲ್ವಾ, ಹೆಣ್ಮಕ್ಕಳ ಕೈಲಿ ಆಗಲ್ಲ ಅಂತ" ಎಂದು ಅವನು ಶುರುಮಾಡುತ್ತಾನೆ.

ದೊಡ್ಡವ್ವನಿಗೂ ನಾನಾಗಿ ಹೇಳಲಿಲ್ಲ. ಒಂದು ಭಾನುವಾರ ಅವಳ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಒಂದೇ ಕುಂಡೀಲಿ ಕೂತ್ಕಂಡಿದೀಯಲ್ಲೇ ಪುಟ್ಟಿ. ಎಷ್ಟ್ ದಿನಾಯ್ತು?"

ನನಗೆ ಅಳು ಬಂದುಬಿಟ್ಟಿತು. "ರಕ್ತ ಓಯ್ತೈತೆ ದೊಡ್ಡವ್ವ."

"ಓಗ್ಲಿ ಬಿಡು, ಅದುಕ್ಯಾಕ್ ಅಳ್ತೀಯ. ಮೂಲ ಅಂದ್ರೆ ಅಂಗೇಯ. ಸಾಯೋ ಕಾಯ್ಲೆಯಲ್ಲ, ಸಾಯಿಸ್ದಂಗೆ ಸತಾಯ್ಸೋ ಕಾಯ್ಲೆ. ಒಳಗ್ ಬಾ."

ದೊಡ್ಡವ್ವ ಊರಿನವರಿಗೆಲ್ಲಾ ಹೊಟ್ಟೆಯ ಮದ್ದು ಕೊಡುವವಳು. ಮಗುವಿನ ಹೊಟ್ಟೆನೋವಿಗೆ ಸುಟ್ಟ ಬಜೆ, ಆಮಶಂಕೆಗೆ ದಾಳಿಂಬೆ ಸಿಪ್ಪೆ, ಮೂಲಕ್ಕೆ ಮುಟ್ಟಿದರೆ ಮುನಿ. ಅವಳ ಅತ್ತೆ ಕಲಿಸಿಕೊಟ್ಟ ಕಟ್ಟುಪಾಡು ಒಂದಿತ್ತು. ಯಾರಿಗೆ ಏನಾಗಿದೆ, ಏನು ಕೊಟ್ಟೆ ಎಂದು ಇನ್ನೊಬ್ಬರ ಮುಂದೆ ಬಾಯಿಬಿಡಬಾರದು, ಬಿಟ್ಟರೆ ಮದ್ದು ಹಿಡಿಯುವುದಿಲ್ಲ. ಅವಳ ಬಾಗಿಲಿಗೆ ಯಾರು ಬಂದರೂ, ಮಗುವಿಗೋ ಮುದುಕಿಗೋ, ಯಾವುದಕ್ಕೆ ಬಂದರು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಗಸರು ಧೈರ್ಯವಾಗಿ ಬರುತ್ತಿದ್ದುದು ಅದಕ್ಕೇ.

ಅಂದಿನಿಂದ ನನ್ನ ಉಪಚಾರ ಶುರುವಾಯಿತು. ಮುಟ್ಟಿದರೆ ಮುನಿ ಸೊಪ್ಪನ್ನು ಬಿಸಿಲೇರುವ ಮುನ್ನ ಕಿತ್ತು ತಂದು, ಚಿಟಿಕೆ ಜೀರಿಗೆಯೊಡನೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸಿ, ಖಾಲಿ ಹೊಟ್ಟೆಗೆ ಕೊಡುತ್ತಿದ್ದಳು. ವಾರಕ್ಕೆರಡು ದಿನ ಹುಣಸೆನೀರಿನಲ್ಲಿ ಬೇಯಿಸಿದ ಸುವರ್ಣಗೆಡ್ಡೆಯ ಪಲ್ಯ. ಮಲಗುವಾಗ ಬಿಸಿಹಾಲಿಗೆ ಒಂದು ಚಮಚ ಹರಳೆಣ್ಣೆ. ಸಂಜೆ ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ಕಾಯಿಸಿದ ನೀರನ್ನು ದೊಡ್ಡ ಬೋಗುಣಿಗೆ ಸುರಿದು, ಕೈ ತಡೆಯುವಷ್ಟು ಬಿಸಿಯಿರುವಾಗ ತನ್ನ ಬಚ್ಚಲಿನಲ್ಲಿ ನನ್ನನ್ನು ಅದರಲ್ಲಿ ಕೂರಿಸುತ್ತಿದ್ದಳು. ಎದ್ದ ಮೇಲೆ ಲೋಳೆಸರದ ತಿರುಳು. ಅಯ್ಯೋ, ಆ ತಂಪು! ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾನು ಮನುಷ್ಯಳಾಗಿರುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಹುರುಳಿ, ಬದನೆ, ಕೋಳಿ, ಹಸಿಮೆಣಸಿನಕಾಯಿ ಎಲ್ಲಾ ಬಂದ್. ಮುದ್ದೆ ಉಪ್ಸಾರಿನ ಮನೆಯಲ್ಲಿ ಖಾರ ಬಿಡುವುದೆಂದರೆ ಉಪವಾಸವೇ. ಹೊಟ್ಟೆನೋವು ಎಂದು ಅವ್ವನಿಗೆ ಸುಳ್ಳು ಹೇಳಿದ್ದೆ.

ಮೊದಲ ದಿನವೇ ದೊಡ್ಡವ್ವ ನನ್ನ ಗದ್ದ ಹಿಡಿದು ಹೇಳಿದ್ದಳು. "ನೋಡೇ, ಈ ಸೊಪ್ಪು ಗೆಡ್ಡೆ ಎಲ್ಲಾ ಕಾಲ್ ಭಾಗ. ಮುಕ್ಕಾಲ್ ಭಾಗ ನೀರು. ಒತ್ತೊತ್ತಿಗೆ ಚೊಂಬು ಎತ್ತಿ ಕುಡೀಬೇಕು. ಬಂದಾಗ ತಡ್ಕಬಾರ್ದು. ಕುಡೀತೀಯಾ?"

"ಊಂ ದೊಡ್ಡವ್ವ."

ಆ 'ಊಂ' ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಹಿತ್ತಾಳೆ ಬಿಲ್ಲೆ. ಇನ್ನು ಮೂರೇ ತಿಂಗಳು, ಪರ್ಮನೆಂಟ್ ಆದ ಮೇಲೆ ಕೆರೆ ಕೆರೆಯೇ ಕುಡಿಯೋಣ ಎಂದುಕೊಂಡೆ. ಅಲ್ಲಿಯವರೆಗೆ ಸೊಪ್ಪೇ ನೋಡಿಕೊಳ್ಳಲಿ ಎಂದು ಬಿಟ್ಟೆ. ಅವಳು ದಿನವೂ ಕೇಳುತ್ತಿದ್ದಳು, ನಾನು ದಿನವೂ ಊಂ ಅನ್ನುತ್ತಿದ್ದೆ.

ಮೂರು ವಾರವಾದರೂ ರಕ್ತ ನಿಲ್ಲಲಿಲ್ಲ. ದೊಡ್ಡವ್ವನ ಮುಖ ಸಣ್ಣದಾಯಿತು. ಅವಳ ಮದ್ದು ಹೀಗೆ ಸೋತದ್ದೇ ಇರಲಿಲ್ಲ. ಮೊದಲು ಮಜ್ಜಿಗೆ ಹುಳಿ ಜಾಸ್ತಿಯಾಯಿತೇನೋ ಎಂದಳು. ಆಮೇಲೆ ಜೀರಿಗೆ ಹಳೆಯದಿರಬೇಕು ಎಂದಳು. ಕೊನೆಗೆ ಒಂದು ಬೆಳಗ್ಗೆ ಎಲೆಯನ್ನು ಅಂಗೈಯಲ್ಲಿ ಹರಡಿಕೊಂಡು ಮೂಸಿ ನೋಡಿದಳು.

"ಸೊಪ್ಪು ಕೆಟ್ಟೈತೆ ಕಣೇ. ಕೋಡಿ ಗ್ವಾಡೆ ಒಳಿಕ್ಕೋದ್ ಮ್ಯಾಲೆ ನಾನು ಮೋರಿ ದಡದಲ್ಲಿ ಕೀಳ್ತಾ ಇದೀನಿ. ಆ ಮೋರೀಲಿ ಫ್ಯಾಕ್ಟ್ರಿ ನೀರು ಅರಿತೈತೆ, ಅಸ್ರುಗೆ ನೀಲೀಗೆ. ಆ ಇಸ ಕುಡ್ದ ಗಿಡ ಏನ್ ವಾಸಿ ಮಾಡೀತು?"

ಅವಳ ಕಣ್ಣಲ್ಲಿ ನೀರು ಕಂಡು, ಸಮಾಧಾನ ಮಾಡಬೇಕೆಂದು, ನಾನೇ ಬಾಯಿಬಿಟ್ಟೆ. "ನಮ್ ಶೆಡ್ ಹಿಂದೆ ನೀರಿನ ಟ್ಯಾಂಕ್ ಕೆಳಗೆ ಬೇಕಾದಷ್ಟು ಬೆಳ್ದೈತೆ ದೊಡ್ಡವ್ವ. ಒಳ್ಳೆ ನೀರು ಸೋರ್ತಿರ್ತದೆ. ಕಿಟಕೀಲಿ ದಿನಾ ಕಾಣ್ತದೆ."

"ಅದು ನಮ್ಮೊಲದ ಬದ. ಅಲ್ಲಿ ನಮ್ಮತ್ತೆ ಕಾಲದಿಂದ್ಲೂ ಐತೆ. ಒಂದಿಡಿ ಕಿತ್ಕಂಡ್ ಬಾ."

"ಆಗಲ್ಲ. ಗೇಟಲ್ಲಿ ಮೈ ತಡವಿ ನೋಡ್ತಾರೆ."

ನಿಜವೇ. ಆಗ ತಾಮ್ರದ ತಂತಿಯ ತುಂಡುಗಳು ಕಳುವಾಗುತ್ತಿದ್ದವು. ಒಳಗಿನವರು ಯಾರೋ ಗೋಡೆಯ ಆಚೆ ದಾಟಿಸುತ್ತಿದ್ದಾರೆಂದು ಅನುಮಾನವಿತ್ತು. ಸಂಜೆ ಹೊರಡುವಾಗ ಹೆಂಗಸರ ಊಟದ ಡಬ್ಬಿ, ಮಡಿಲು ಎಲ್ಲಾ ಬಿಡಿಸಿ ನೋಡುತ್ತಿದ್ದರು. ನನ್ನ ಮಡಿಲಲ್ಲಿ ಸೊಪ್ಪು ಸಿಕ್ಕಿ, ಇದು ಯಾತಕ್ಕೆ ಎಂದು ಕೇಳಿದರೆ?

ಶ್ರಾವಣದ ಒಂದು ಮಧ್ಯಾಹ್ನ, ಮೂರು ಗಂಟೆಯಿರಬೇಕು. ಜಿನುಗು ಮಳೆ. ನಾನು ತಂತಿ ಸುತ್ತುತ್ತಾ ಕಿಟಕಿಯಾಚೆ ನೋಡಿದರೆ, ಟ್ಯಾಂಕಿನ ಕೆಳಗೆ ಹಸಿರು ಅಂಚಿನ ಒಂದು ಸೀರೆ ಬಗ್ಗಿ ಕೂತಿತ್ತು. ದೊಡ್ಡವ್ವನದೇ ಸೀರೆ. ಹಿಂದಿನ ಗೋಡೆ ಮಳೆಗೆ ಒಂದು ಕಡೆ ಜರಿದಿತ್ತು, ಅಲ್ಲಿಂದ ದಾಟಿ ಬಂದಿದ್ದಳು. ಆತುರವೇ ಇಲ್ಲದೆ, ತನ್ನ ಹೊಲದಲ್ಲಿ ಕೂತು ಕಳೆ ಕೀಳುವ ಹಾಗೆ, ಒಂದೊಂದೇ ಕಡ್ಡಿ ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ವಾಚ್‌ಮನ್ ಓಡಿಬಂದ. ರಟ್ಟೆ ಹಿಡಿದು ಎಬ್ಬಿಸಿದ.

ನಾನು ಸ್ಟೂಲಿನಿಂದ ಎದ್ದೆ.

"ಎಲ್ಲಿಗಮ್ಮಾ? ಬಿಲ್ಲೆ ಇಲ್ವಲ್ಲ" ಎಂದರು ಶ್ರೀಕಂಠಯ್ಯನವರು. ಮೊಳೆ ಖಾಲಿಯಿತ್ತು. ಯಾರೋ ಹೋಗಿದ್ದರು.

"ಸಾರ್, ಅಲ್ಲಿ..." ಎಂದೆ.

"ಏನಲ್ಲಿ?"

ಹೇಳಬಹುದಿತ್ತು. ಅದು ನಮ್ಮ ದೊಡ್ಡವ್ವ ಸಾರ್, ಸೊಪ್ಪು ಕೀಳೋಕೆ ಬಂದವಳು ಎಂದರೆ ಸಾಕಿತ್ತು. ಯಾರಿಗೆ ಸೊಪ್ಪು ಎಂದು ಅವರು ಕೇಳುತ್ತಾರೆ. ನನ್ನ ಸುತ್ತ ಹನ್ನೆರಡು ಯಂತ್ರಗಳು ನಿಂತು, ಹನ್ನೆರಡು ಜನ ನನ್ನನ್ನೇ ನೋಡುತ್ತಾರೆ. "ಏನಿಲ್ಲ ಸಾರ್" ಎಂದು ಕೂತೆ. ಕೂತಾಗ ಆದ ನೋವಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಏಳಲಿಲ್ಲ. ನಾಲ್ಕೂವರೆಯ ಸೈರನ್ ಆಗುವವರೆಗೆ ಸುರುಳಿ ಸುತ್ತಿದೆ. ಅವತ್ತು ನನ್ನ ಒಂದು ಸುತ್ತೂ ತಪ್ಪಿರಲಿಲ್ಲ.

ಗೇಟಿನ ಹತ್ತಿರ ಗುಂಪು ಸೇರಿತ್ತು. ದೊಡ್ಡವ್ವ ನೆಲದ ಮೇಲೆ ಕೂತಿದ್ದಳು, ಮಳೆಯಲ್ಲಿ ನೆಂದ ತಲೆ. ಎದುರಿಗೆ ಒಂದು ಗೋಣಿತಾಟಿನ ಮೇಲೆ ಅವಳ ಸೊಪ್ಪನ್ನು ಸುರಿದಿದ್ದರು. ಮಿಲಿಟರಿಯಿಂದ ಬಂದಿದ್ದ ಸೆಕ್ಯುರಿಟಿ ಆಫೀಸರು ಬೆತ್ತದಲ್ಲಿ ಅದನ್ನು ಕೆದಕುತ್ತಿದ್ದರು. ನಮ್ಮೂರಿನ ಇಬ್ಬರು ಗಂಡಸರು ಬೇರೆ ಶೆಡ್ಡಿನಲ್ಲಿದ್ದರು, ಅವರು ಮುಂದೆ ಬಂದು, "ಇವ್ಳು ನಮ್ಮೂರ್ ಅನುಮಕ್ಕ ಸಾರ್, ನಾಟಿ ಮದ್ದು ಕೊಡೋಳು. ಕಳ್ಳಿ ಅಲ್ಲ" ಎಂದರು.

"ಕಳ್ಳಿ ಅಲ್ದಿದ್ರೆ ಗೋಡೆ ಯಾಕ್ ಹಾರ್ಬೇಕು? ಒಳಗಿರೋರು ಯಾರೋ ಕರ್ಸಿದಾರೆ. ಸೊಪ್ಪಿನ ಜೊತೆ ತಂತಿ ದಾಟ್ಸೋಕೆ. ಹೇಳು, ಯಾರಿಗೆ ಈ ಮದ್ದು? ಹೆಸರು ಹೇಳಿದ್ರೆ ಬಿಡ್ತೀನಿ."

ಹುಡುಗಿಯರ ಸಾಲಿನಲ್ಲಿ ನಾನು ಐದನೆಯವಳು. ದೊಡ್ಡವ್ವ ತಲೆ ಎತ್ತಿ ಸಾಲನ್ನು ಒಂದು ಸಲ ನೋಡಿದಳು. ಎಲ್ಲರ ಮುಖದ ಮೇಲೂ ಕಣ್ಣು ಹಾಯಿಸಿದಳು, ನನ್ನ ಮುಖದ ಮೇಲೆ ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಎದ್ದು ನಿಂತಳು.

"ನಂಗೇಯ."

"ನಿಂಗೇನಾಗಿದೆ?"

"ಮೂಲವ್ಯಾಧಿ. ರಕ್ತ ಓಯ್ತೈತೆ. ತೋರುಸ್ಲಾ?"

ಗೇಟಿನ ತುಂಬ ನಗು ಎದ್ದಿತು. ನಮ್ಮೂರಿನ ಆ ಇಬ್ಬರೂ ನಕ್ಕರು. ಆಫೀಸರು ಮುಖ ಸಿಂಡರಿಸಿ, ಮಡಿಲು ಕೊಡವಿಸಿ, ಹೋಗು ಹೋಗು ಎಂದರು. ಒಬ್ಬ ಹುಡುಗ ಹಿಂದಿನಿಂದ, "ಅಜ್ಜೀ, ನಿಧಾನಕ್ಕೆ ನಡಿ!" ಎಂದು ಕೂಗಿದ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಬಾಯಲ್ಲಿ ಹೀಗೆ ಅನ್ನಿಸಿತು ಅನ್ನಿಸಿತು ಎನ್ನುತ್ತೇನೆ, ಸಾಲಿನಿಂದ ಒಂದು ಹೆಜ್ಜೆಯನ್ನೂ ಈಚೆ ಇಡಲಿಲ್ಲ. ನನ್ನ ಡಬ್ಬಿ ತೆರೆದು ತೋರಿಸಿ ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಎಂದಿನ ಹೊತ್ತಿಗೆ ದೊಡ್ಡವ್ವ ಬಟ್ಟಲು ಹಿಡಿದು ನಮ್ಮ ಹಿತ್ತಲಿಗೆ ಬಂದಳು. ಮಡಿಲು ಕೊಡವಿಸಿದವರು ತುರುಬು ಬಿಚ್ಚಿಸಿರಲಿಲ್ಲ. ತುರುಬಿನಲ್ಲಿ ಒಂದು ಹಿಡಿ ಸೊಪ್ಪು ಉಳಿಸಿಕೊಂಡಿದ್ದಳು.

"ಇವತ್ತಿಂದು ಒಳ್ಳೆ ನೀರಿನ ಸೊಪ್ಪು ಕಣೇ. ಇದು ಕೇಳ್ದಿದ್ರೆ ನಂಗೆ ಮದ್ದು ಮಾಡೋಕ್ ಬರಲ್ಲ ಅಂತ್ಲೇ ಅರ್ಥ. ಕುಡಿ."

ನನ್ನ ಕೈ ಬಟ್ಟಲಿಗೆ ಹೋಗಲಿಲ್ಲ. "ದೊಡ್ಡವ್ವಾ, ನಾನು ನೀರ್ ಕುಡೀತಿಲ್ಲ."

"ಯಾವತ್ತಿಂದ?"

"ಮೊದ್ಲಿಂದ್ಲೂ."

ಬಿಲ್ಲೆಯ ವಿಷಯ, ಗೀಟಿನ ವಿಷಯ, ಲವಂಗದ ವಿಷಯ ಎಲ್ಲಾ ಹೇಳಿದೆ. ಎರಡು ಏಟು ಹಾಕಿದ್ದರೆ ನನಗೆ ಹಾಯೆನಿಸುತ್ತಿತ್ತು. ಅವಳು ಬಟ್ಟಲನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ, ದೊಡ್ಡ ಹೊರೆ ಇಳಿದವಳ ಹಾಗೆ ಉಸಿರು ಬಿಟ್ಟು, "ಅಂಗಾದ್ರೆ ಸೊಪ್ಪಿಂದೇನೂ ತಪ್ಪಿರ್ಲಿಲ್ಲ ಅನ್ನು" ಎಂದಳು. ಅವಳ ದನಿಯಲ್ಲಿ ಸಂತೋಷವಿತ್ತು. ನನಗೆ ಅದನ್ನು ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

"ನಾನು ಊರೋರ್ಗೆಲ್ಲಾ ಏ‌ಳ್ತೀನಿ ದೊಡ್ಡವ್ವ, ಅದು ನಂಗೇ ಅಂತ."

"ಬಾಯ್ ಮುಚ್ಚು. ನಂದೇನೈತೆ, ಮುಗ್ದೋದ್ ಬಾಳು. ನೀನು ಮದ್ವೆಯಾಗಿ ಬಾಳಬೇಕಾದೋಳು. ನೀರ್ ಕುಡಿ, ಅಷ್ಟು ಮಾಡು."

ನಾನು ಬಾಯಿ ಮುಚ್ಚಿದೆ. ಅವಳು ಹಾಗೆ ಹೇಳಿದ್ದು ನನಗೆ ನಿರಾಳವಾಯಿತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅಂದಿನಿಂದ ನೀರು ಕುಡಿದೆ. ದಿನಕ್ಕೆ ಎರಡು ಸಲ ಬಿಲ್ಲೆ ಕೇಳಿದೆ, ಎರಡು ಗೀಟು ಬೀಳಿಸಿಕೊಂಡೆ. ಪ್ರತಿ ಗೀಟಿಗೂ ಅಣ್ಣನ ಮುಖ ನೆನಪಾಗುತ್ತಿತ್ತು. ಸೊಪ್ಪು ತನ್ನ ಕಾಲು ಭಾಗದ ಕೆಲಸ ಮಾಡಿತು, ನೀರು ಮುಕ್ಕಾಲು. ಮಹಾನವಮಿಯ ಹೊತ್ತಿಗೆ ರಕ್ತ ನಿಂತು, ಎರಡೂ ಕಡೆ ಭಾರ ಹಾಕಿ ಕೂರುವಂತಾದೆ.

ದೊಡ್ಡವ್ವನ ಬಾಗಿಲಿಗೆ ಮಾತ್ರ ಜನ ಬರುವುದು ನಿಂತುಹೋಯಿತು. ಗೇಟಿನ ಕತೆ ಆ ಇಬ್ಬರು ಗಂಡಸರ ಬಾಯಿಂದ ಅದೇ ಸಂಜೆ ಊರು ತುಂಬಿತ್ತು. "ಅವಳಿಗೇ ವಾಸಿಯಾಗಿಲ್ವಂತೆ, ನಮಗೇನ್ ಕೊಟ್ಟಾಳು" ಎಂದು ಆಡಿಕೊಂಡರು. ಮಗುವಿಗೆ ಬಜೆ ತೇಯಿಸಿಕೊಂಡು ಹೋಗುವವರೂ ಇಲ್ಲ. ಅವಳು ಬೆಳಗ್ಗೆ ಎದ್ದು ಜಗಲಿ ಸಾರಿಸಿ ಕಾಯುತ್ತಿದ್ದಳು. ಹೆಂಗಸರು ಜಗಲಿಯ ಮೇಲೆ ಹಳೆಯ ಹಾಗೇ ಬಂದು ಕೂತು ಹರಟುತ್ತಿದ್ದರು, ಹೊಸಿಲು ದಾಟಿ ಒಳಗೆ ಯಾರೂ ಹೋಗುತ್ತಿರಲಿಲ್ಲ. ಅರೆಯುವ ಕಲ್ಲಿನ ಮೇಲೆ ಅವಳು ಒಂದು ದಿನ ಗೋಣಿಚೀಲ ಹೊದಿಸಿದ್ದು ಕಂಡೆ. ಗೋಡೆಯೊಳಗೆ ಸಿಕ್ಕಿಕೊಂಡವಳು ನಾನು ಎಂದುಕೊಂಡಿದ್ದೆ. ಅವಳನ್ನು ಅವಳ ಮನೆಯಲ್ಲೇ ಕೂಡಿಹಾಕಿದ್ದೆ.

ದೀಪಾವಳಿ ಕಳೆದ ಮೇಲೆ ನನಗೆ ಪರ್ಮನೆಂಟ್ ಆದ ಕಾಗದ ಬಂತು. ಗೀಟುಗಳಿದ್ದೂ ಹೇಗೆ ಬಂತು ಎಂದು ಶ್ರೀಕಂಠಯ್ಯನವರನ್ನು ಹೆದರುತ್ತಲೇ ಕೇಳಿದೆ.

"ಆ ರಿಜಿಸ್ಟರಾ? ಅದನ್ನ ಮೇಲೆ ಯಾರೂ ಕೇಳೇ ಇಲ್ಲ ಕಣಮ್ಮ. ಸುಮ್ನೆ ಹೆದ್ರಿಸೋಕೆ ಅಂತ ಇಡ್ಸಿದ್ದು" ಎಂದು ನಕ್ಕರು.

ಅವರ ಮೇಜಿನ ಮೇಲಿದ್ದ ಆ ರಿಜಿಸ್ಟರನ್ನು ಎತ್ತಿ ಅವರ ತಲೆಯ ಮೇಲೆ ಕುಕ್ಕಬೇಕೆನಿಸಿತು. ನಾನೂ ನಕ್ಕೆ. ಪರ್ಮನೆಂಟ್ ಆದವರು ನಗಬೇಕು.

ಅದೇ ವಾರ ಊಟದ ಹೊತ್ತಿನಲ್ಲಿ ಸೆಲ್ವಿ ನನ್ನ ಕಿವಿಯ ಹತ್ತಿರ ಬಂದಳು. "ಅಕ್ಕಾ, ಅವತ್ತು ಗೇಟಲ್ಲಿ ಸಿಕ್ಕಾಕೊಂಡ ಅಜ್ಜಿ ನಿಮ್ಮೂರಾ? ನಂಗೆ ಅವರ ಹತ್ರ ಕರ್ಕೊಂಡ್ ಹೋಗ್ತೀರಾ? ಕೂರೋಕಾಗ್ತಿಲ್ಲ ಅಕ್ಕಾ. ಯಾರಿಗೂ ಹೇಳ್ಬೇಡಿ." ಅವಳ ತುಟಿ ಒಣಗಿ ಒಡೆದಿತ್ತು.

ಭಾನುವಾರ ಸೆಲ್ವಿಯನ್ನು ಕರೆದುಕೊಂಡು ಹೋದೆ. ಜಗಲಿಯ ಮೇಲೆ ಗೌರಮ್ಮ ಮತ್ತು ಇನ್ನೂ ಮೂರ್ನಾಲ್ಕು ಹೆಂಗಸರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ದೊಡ್ಡವ್ವ ಸೆಲ್ವಿಯನ್ನು ನೋಡಿ ಎದ್ದು ನಿಂತಳು.

"ಯಾರೇ ಇವ್ಳು?"

"ನನ್ ಜೊತೆ ಕೆಲ್ಸ ಮಾಡೋಳು. ಮದ್ದು ಬೇಕಂತೆ."

"ನಾನ್ ಕೊಡಲ್ಲ ಮಗಾ. ಬಿಟ್ಬಿಟ್ಟೆ. ಜನಕ್ಕೆ ನಂಬ್ಕೆ ಓಯ್ತು, ಇನ್ ಮದ್ದೆಲ್ಲಿ ಇಡಿತೈತೆ? ಡಾಕ್ಟ್ರತ್ರ ಕರ್ಕಂಡೋಗು."

ಸೆಲ್ವಿ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. ನನಗೆ ಏನಾಯಿತೋ ಗೊತ್ತಿಲ್ಲ. ಧೈರ್ಯ ಎಂದು ಹೇಳಲಾರೆ, ಕಾಗದ ಕೈಗೆ ಬಂದ ಮೇಲೆ ಬಂದ ಧೈರ್ಯಕ್ಕೆ ಏನು ಬೆಲೆ? ಸಿಟ್ಟೇ ಇರಬೇಕು, ನನ್ನ ಮೇಲೇ ಬಂದ ಸಿಟ್ಟು. ಜಗಲಿಯ ಕಡೆ ತಿರುಗಿ ಜೋರಾಗಿ ಹೇಳಿಬಿಟ್ಟೆ.

"ಕೇಳ್ಸ್ಕೊಳ್ಳಿ ಎಲ್ರೂ. ಅವತ್ತು ಆ ಸೊಪ್ಪು ನಂಗೆ. ಮೂಲ ಆಗಿದ್ದು ನಂಗೆ, ರಕ್ತ ಓಗ್ತಿದ್ದಿದ್ದು ನಂಗೆ. ದೊಡ್ಡವ್ವಂಗೆ ಏನೂ ಇಲ್ಲ. ನನ್ನ ಎಸರು ಏಳ್ಬಾರ್ದು ಅಂತ ತನ್ ತಲೆ ಮ್ಯಾಲೆ ಆಕ್ಕೊಂಡ್ಳು. ನಂಗೆ ವಾಸಿ ಮಾಡಿದ್ದೂ ಅವ್ಳೇ."

"ಬಾಯ್ ಮುಚ್ಚೇ ಮುಂಡೇದೆ!" ದೊಡ್ಡವ್ವ ನನ್ನ ಬಾಯಿಗೆ ಕೈ ಅಡ್ಡ ತಂದಳು.

ಗೌರಮ್ಮ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹೂವಿನ ದಾರ ಬಿಡಿಸುತ್ತಾ, "ಗೊತ್ತು ಕಣೆ" ಎಂದಳು. "ತೋಪಲ್ಲಿ ದಿನಾ ನಿಂಗೋಸ್ಕರ ಕಾಯ್ತಿದ್ದೋರು ನಾವೇ ಅಲ್ವಾ? ಯಾರಿಗೆ ಆಗೈತೆ ಅಂತ ನಮ್ಗೆ ಗೊತ್ತಾಗಲ್ವಾ?"

ದೊಡ್ಡವ್ವನ ಕೈ ನನ್ನ ಬಾಯಿಯಿಂದ ಜಾರಿತು. ಅವಳು ಗೌರಮ್ಮನನ್ನು, ಉಳಿದವರನ್ನು, ಒಬ್ಬೊಬ್ಬರನ್ನೇ ನೋಡಿದಳು.

"ಗೊತ್ತಿತ್ತಾ ನಿಮ್ಗೆ? ಗೊತ್ತಿದ್ದೂ ಯಾರೂ ಒಳೀಕ್ ಬರ್ಲಿಲ್ವಾ?"

ಒಬ್ಬಳು ಸೆರಗು ಸರಿಮಾಡಿಕೊಂಡಳು. ಗೌರಮ್ಮನೇ ಸಣ್ಣ ದನಿಯಲ್ಲಿ, "ಎಂಗ್ ಬರೋದಕ್ಕ?" ಎಂದಳು. "ಮೊದ್ಲಾದ್ರೆ ಮಗೀಗೆ ಅಂತಾನೋ ಬಜೆಗೆ ಅಂತಾನೋ ಬರ್ತಿದ್ವಿ. ನೀನು ಗೇಟಲ್ಲಿ ಅಂಗ್ ಕೂಗಿದ್ ಮ್ಯಾಲೆ ಗಂಡಸ್ರೆಲ್ಲಾ ನಿನ್ ಬಾಕ್ಲನ್ನೇ ನೋಡ್ತವ್ರೆ. ಒಳೀಕ್ ಓದೋಳ್ಗೆ ಮೂಲ ಅಂತ ಆಡ್ಕೊಂಡ್ ನಗ್ತವ್ರೆ."

ದೊಡ್ಡವ್ವ ಬೈಯುತ್ತಾಳೆ, ಎಲ್ಲರನ್ನೂ ಜಗಲಿಯಿಂದ ಎಬ್ಬಿಸುತ್ತಾಳೆ ಎಂದುಕೊಂಡೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಸೆಲ್ವಿಯ ಕೈ ಹಿಡಿದು, ಹಾಡಹಗಲಲ್ಲಿ, ಬೀದಿಯವರೆಲ್ಲಾ ನೋಡುತ್ತಿರುವಾಗ ಒಳಗೆ ಕರೆದುಕೊಂಡು ಹೋದಳು. ಹೋಗುತ್ತಾ, "ಪುಟ್ಟೀ, ಕಲ್ಲು ತೊಳ್ದು ಸೊಪ್ಪು ಅರಿ" ಎಂದಳು.

ಮೋರಿ ದಡದ ಸೊಪ್ಪನ್ನೇ ಕಿತ್ತು ತಂದು, ಗೋಣಿಚೀಲ ತೆಗೆದು, ಕಲ್ಲು ತೊಳೆದು, ಬಾಗಿಲ ಪಕ್ಕದಲ್ಲೇ ಕೂತು ಅರೆಯತೊಡಗಿದೆ. ಜಗಲಿಯಿಂದ ಯಾರೂ ಎದ್ದು ಹೋಗಿರಲಿಲ್ಲ. ಸೊಪ್ಪು ನುಣ್ಣಗಾಗುತ್ತಾ ಬಂದಾಗ, ಬೀದಿಯ ಕಡೆಗೇ ಮುಖ ಮಾಡಿಕೊಂಡಿದ್ದ ಗೌರಮ್ಮ ಹಿಂದಕ್ಕೆ ತಿರುಗದೆ ಹೇಳಿದಳು:

"ಅರೀತಿದೀಯಲ್ಲ, ಇನ್ನೊಂದಿಡಿ ಜಾಸ್ತಿನೇ ಆಕ್ಕೊಳ್ಳೇ."